ಉಡಿ ತುಂಬಿದ ಶುಕ್ರವಾರ

ಕಾಚಿಗೂಡ, ಹೈದರಾಬಾದ್
೨ ಆಗಸ್ಟ್ ೨೦೧೪

ರಜ್ಜೂ,

ಮನೆ ಸಿಕ್ಕಿತು, ಮನೆ ಸಿಕ್ಕಿತು, ನಮ್ಮಿಬ್ಬರಿಗೇ ಅಂತ ಒಂದು ಮನೆ ಸಿಕ್ಕಿತು, ಅದರ ಬೀಗದ ಕೈ ಈಗ ಪಿನ್ನಿಗೆ ಸಿಕ್ಕಿಸಿ ನನ್ನ ತಾಳಿಯ ಪಕ್ಕದಲ್ಲೇ ನೇತಾಡುತ್ತಿದೆ!

ಮದುವೆಯಾದಾಗಿನಿಂದ ಭಾವನವರ ಮನೆಯ ಹಾಲ್‌ನಲ್ಲಿ ಒಂದು ಪರದೆಯ ಹಿಂದೆ ಇದ್ದೆವು. ಹೊಸ ಗಂಡ ಹೆಂಡತಿ ಪರದೆಯ ಹಿಂದೆ! ಪಿಸುಮಾತಾಡಿದರೂ ಆ ಕಡೆಯಿಂದ ಭಾವನವರು ಕೆಮ್ಮುತ್ತಿದ್ದರು. ಈಗ ಗೋಡೆ ಇದೆ ರಜ್ಜೂ, ಇಟ್ಟಿಗೆಯ ಗೋಡೆ! ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಾಲ್ಕನಿ. ಬಾಲ್ಕನಿಯಲ್ಲಿ ನಿಂತರೆ ರೈಲು ಕಾಣುತ್ತದೆ. ಯಜಮಾನರು ಮಲ್ಲೇಶ್ "ಸಪ್ಪಳ ಭಾಳ ಐತಿ" ಎಂದರು. ನಾನು ಸೋ ರೊಮ್ಯಾಂಟಿಕ್ ಎಂದೆ. ಕೋಠಿಯ ಔಷಧ ಗೋದಾಮಿನಲ್ಲಿ ದಿನವಿಡೀ ಡಬ್ಬ ಎತ್ತಿಡುವವರಿಗೆ ರೊಮ್ಯಾನ್ಸ್ ಹೇಗೆ ತಿಳಿಯಬೇಕು ಹೇಳು.

ಮನೆ ಯಾರದು ಗೊತ್ತೇನೇ? ನಮ್ಮ ಶಿವಬಸಮ್ಮ ಅಕ್ಕನ ತಮ್ಮಂದು! ಅಕ್ಕನೇ ಫೋನ್ ಮಾಡಿ ಹೇಳಿದರಂತೆ, ಅಡ್ವಾನ್ಸ್ ಕೂಡ ಕೇಳಲಿಲ್ಲ. ಸೀರೆ ಅಂಗಡಿಯ ಸಾವ್ಕಾರ್ತಿ ತನ್ನ ಬಿಲ್ಲಿಂಗ್ ಹುಡುಗಿಗೆ ಇಷ್ಟು ಮಾಡುತ್ತಾರಾ? ಮರೆಯಲಾರೆ. ನನ್ನನ್ನು ಕಳಿಸಿದ ಆ ಶುಕ್ರವಾರ ನೆನಪಿದೆಯಾ? ರೇಷ್ಮೆ ಕೌಂಟರಿನ ಮುಂದೆ ಮಣೆ ಹಾಕಿ ಕೂರಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು, ಖಣ, ಮೇಲೆ ಆ ಈರುಳ್ಳಿ ಬಣ್ಣದ ಗದ್ವಾಲ ಸೀರೆ. ಸಾವ್ಕಾರ್ ಹಂಪಣ್ಣ ಅಂಕಲ್ ತಾವೇ ಫೋಟೋ ತೆಗೆದರು. ನಾನು ಅತ್ತು ಅತ್ತು ಕಾಡಿಗೆಯೆಲ್ಲ ಇಳಿದು ಹೋಗಿತ್ತು.

ನನಗೆ ತುಂಬಾ ಮಿಸ್ ಆಗುವುದು ಏನು ಗೊತ್ತಾ? ಶಟರ್ ಇಳಿದ ಮೇಲೆ ಗಿರಾಕಿಗಳು ಬಿಚ್ಚಿಸಿ ಹಾಕಿದ ಸೀರೆಗಳ ಗುಡ್ಡದ ನಡುವೆ ಕೂತು ನಾವು ಮಡಚುತ್ತಿದ್ದದ್ದು. ಹುಸೇನಮ್ಮನ ಕತೆಗಳು! ಮನೆಗೆ ಹೋಗುವಾಗ ಬೀದಿಯಲ್ಲಿ ನಾವು ಮತ್ತು ನಾಯಿಗಳು. ಎಂಥ ಮಜಾ.

ಹೋದ ತಿಂಗಳೆಲ್ಲ ನಿನ್ನ ಫೋನಿಗೆ ಮಾಡಿದರೆ ನಿನ್ನ ತಮ್ಮ ಶೇಖರ್ ಎತ್ತಿ, "ಅಕ್ಕ ಗದ್ವಾಲದಾಗ, ಫೋನ್ ಗುಂಡುಮಾಲದಾಗ" ಎಂದು ನಗುತ್ತಿದ್ದ. ಅಂಗಡಿಯಲ್ಲಿ ಹೇಗೂ ಫೋನನ್ನು ಬಾಗಿಲ ಪೆಟ್ಟಿಗೆಯಲ್ಲಿ ಹಾಕಿಸುತ್ತಾರಲ್ಲ, ಅದಕ್ಕೇ ಮನೆಯಲ್ಲಿ ಬಿಟ್ಟೆಯಾ? ಅದಕ್ಕೇ ಈ ಕಾಗದ. ನಾರಾಯಣಪೇಟೆಯಲ್ಲಿ ನಾನು ಇಂಗ್ಲಿಷ್ ಮೀಡಿಯಂ, ನೀನು ಎದುರಿನ ಸರ್ಕಾರಿ ಶಾಲೆ ಆಗಿದ್ದಾಗ ಗೋಡೆಯ ಮೇಲಿಂದ ಚೀಟಿ ಎಸೆಯುತ್ತಿದ್ದೆವಲ್ಲ, ಹಾಗೆ. ಬೇಗ ಬರಿ!

ನಿನ್ನ, ಬೀಗದ ಕೈಯ ಒಡತಿ,
ಕಾವ್ಯ


ಗುಂಡುಮಾಲ್
೧೩ ಆಗಸ್ಟ್ ೨೦೧೪

ಕಾವ್ಯಾಗೆ,

ನಿನ್ನ ಪತ್ರ ಗದ್ವಾಲದ ರೂಮಿಗೆ ಹೋಗಿ, ಅಲ್ಲಿಂದ ಹುಸೇನಮ್ಮನ ಕೈಯಲ್ಲಿ ಊರಿಗೆ ಬಂತು. ಮನೆ ಸಿಕ್ಕಿದ್ದು ಒಳ್ಳೆಯದಾಯಿತು.

ನಾನು ಈಗ ಅಂಗಡಿಗೆ ಹೋಗುತ್ತಿಲ್ಲ. ಹೋದ ತಿಂಗಳ ಕೊನೆಯ ಶುಕ್ರವಾರ ಶಿವಬಸಮ್ಮ ನನಗೂ ಉಡಿ ತುಂಬಿದರು. ಫೋಟೋ ತೆಗೆದರು. ಮರುದಿನದಿಂದ ಊರಲ್ಲಿದ್ದೇನೆ.

ಹೆಚ್ಚು ಬರೆಯುವುದಿಲ್ಲ. ಫೋನೂ ಮಾಡಬೇಡ. ನೀವಿರುವ ಮನೆ ಯಾರದೆಂದು ನೀನೇ ಬರೆದಿದ್ದೀಯಲ್ಲ. ಅಂಗಡಿಯ ವಿಷಯ, ನನ್ನ ವಿಷಯ ಯಾರಾದರೂ ಕೇಳಿದರೆ ಗೊತ್ತಿಲ್ಲ ಅನ್ನು.

ಅವ್ವ ಆ ಅಕ್ಕಿಯನ್ನು ಇನ್ನೂ ಬೇಯಿಸಿಲ್ಲ.

ರಜಿತಾ


ಕಾಚಿಗೂಡ
೧೯ ಆಗಸ್ಟ್ ೨೦೧೪

ರಜ್ಜೂ!!!

ಕಳ್ಳಿ! ಮಹಾಕಳ್ಳಿ! ಲಗ್ನ ಗೊತ್ತಾಗಿದೆ, ಅದನ್ನು ಹೀಗೆ ಸೆರಗಿನ ಮರೆಯಲ್ಲಿ ಹೇಳುತ್ತೀಯಾ? "ನನಗೂ ಉಡಿ ತುಂಬಿದರು" ಎಂಬ ಸಾಲು ಓದಿ ನಾನು ಕಿರುಚಿದ್ದಕ್ಕೆ ಕೆಳಗಿನ ಮನೆಯವರು ಹಾವು ಬಂತೆಂದು ಓಡಿ ಬಂದರು. ನಮ್ಮ ಕಡೆ ಲಗ್ನ ಗೊತ್ತಾಗದ ಹುಡುಗಿಗೆ ಯಾರು ಉಡಿ ತುಂಬುತ್ತಾರೆ? ಹುಡುಗ ಯಾರು? ಮಕ್ತಲದ ಕಡೆಯವನಾ? ಬೀರಪ್ಪನ ಗುಡಿಯಲ್ಲಿ ಡೊಳ್ಳು ಬಡಿಯುವವನಾ? "ಹೆಚ್ಚು ಬರೆಯುವುದಿಲ್ಲ" ಅಂತ ನಾಚಿಕೆ ಬೇರೆ. ನಿನಗೆ ನಾಚಿಕೆ! ಅವ್ವ ಅಕ್ಕಿ ಬೇಯಿಸಲು ಒಳ್ಳೆಯ ದಿನ ನೋಡುತ್ತಿದ್ದಾರಾ?

ನಿನ್ನೆ ಏನಾಯಿತು ಕೇಳು. ಶಿವಬಸಮ್ಮ ಅಕ್ಕ ಫೋನ್ ಮಾಡಿದ್ದರು.

"ಮನಿ ಹಿಡಿಸ್ತೇನವಾ ಕಾವ್ಯಾ?"

"ಭಾಳ ಹಿಡಿಸ್ತ್ರೀ ಅಕ್ಕಾ!"

"ರಜಿತಾ ಏನಾರ ಬರದಾಳೇನು?"

ಗೊತ್ತಿಲ್ಲ ಅನ್ನು ಎಂದಿದ್ದೆ ನೀನು. ಉಡಿ ತುಂಬಿದವರ ಹತ್ತಿರವೇ ಎಂಥ ಗುಟ್ಟು? "ಬರದಾಳ್ರೀ, ನೀವು ಉಡಿ ತುಂಬಿದ್ದು ಬರದಾಳ!" ಎಂದೆ.

"ಖುಷಿಲೆ ತಗೊಂಡಾಳಲ್ಲ?"

"ಅಕ್ಕಾ, ಉಡಿ ಯಾರರ ಅಳಕೋತ ತಗೋತಾರೇನ್ರೀ?"

ಆಮೇಲೆ ಪಕ್ಕದಲ್ಲಿ ಯಾರೋ ಗಂಡಸರು ತೆಲುಗಿನಲ್ಲಿ, "ಅಂಟೇ ಪೆಳ್ಳಿ ಕೋಸಮೇ ಪನಿ ಮಾನೇಸಿಂದಾ ಅಮ್ಮಾ?" ಎಂದು ಕೇಳಿದರು. ಮದುವೆಗೆಂದೇ ಕೆಲಸ ಬಿಟ್ಟಳಾ ಅಂತ. ನಾನು ನಗುತ್ತಾ, "ಅವುನಂಡೀ, ಪೆಳ್ಳಿ ಕೋಸಮೇ!" ಎಂದೆ. ಅದು ಯಾರು ಎಂದರೆ ಅಕ್ಕ, "ನಮ್ಮ ಮಂದಿನ ಬಿಡು" ಎಂದರು. ಎಲ್ಲರಿಗೂ ನಿನ್ನ ಮೇಲೆ ಎಷ್ಟು ಪ್ರೀತಿ ನೋಡು.

ಲಗ್ನದ ದಿನ ತಿಳಿಸು, ಮೆಹಂದಿ ನಾನೇ ಹಾಕುವವಳು!

ಕುಣಿಯುತ್ತಿರುವ
ಕಾವ್ಯ


ಗುಂಡುಮಾಲ್
೪ ಸೆಪ್ಟೆಂಬರ್ ೨೦೧೪

ಕಾವ್ಯಾ,

ನನಗೆ ಲಗ್ನ ಗೊತ್ತಾಗಿಲ್ಲ. ಹುಡುಗನೂ ಇಲ್ಲ, ಡೊಳ್ಳೂ ಇಲ್ಲ. ಮುಚ್ಚಿಟ್ಟಿದ್ದೆ, ನಿನ್ನ ಹೊಸ ಸಂಸಾರಕ್ಕೆ ತೊಂದರೆಯಾಗದಿರಲಿ ಎಂದು. ಈಗ ಎಲ್ಲವನ್ನೂ ಕೇಳು.

ಆಷಾಢದ ರಿಯಾಯಿತಿ ಮಾರಾಟದಲ್ಲಿ ಶಟರ್ ಇಳಿದ ಮೇಲೆ ಮಡಚುವ ಕೆಲಸ ಮುಗಿಯುತ್ತಲೇ ಇರಲಿಲ್ಲ. ನಿನಗೆ ಅದು ಮಜಾ. ಹುಸೇನಮ್ಮನ ಕಾಲು ಬಾತು ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಹಾಜರಿಯಲ್ಲಿ ನಮ್ಮ ದಿನ ಶಟರ್ ಇಳಿದಾಗ ಮುಗಿಯುತ್ತದೆ. ಅದರ ನಂತರದ್ದಕ್ಕೆ ಒಂದು ಪೈಸೆ ಇಲ್ಲ. ನಾನು ಹಂಪಣ್ಣನನ್ನು ಎಲ್ಲರ ಮುಂದೆ ಕೇಳಿದೆ. ಅವನು ನಕ್ಕ.

"ಏನವಾ ರಜಿತಾ, ಮನ್ಯಾಗ ಅರಿವಿ ಮಡಚಿದ್ರ ನಿಮ್ಮವ್ವಗ ಓವರ್‌ಟೈಮ್ ರೊಕ್ಕ ಕೇಳ್ತಿಯೇನು?"

"ನಮ್ಮವ್ವ ಆ ಅರಿವಿ ಮಾರಿ ಮೂರಂತಸ್ತು ಕಟ್ಟಿಲ್ರೀ ಸಾವ್ಕಾರ್ರ" ಎಂದೆ.

ಹುಡುಗಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅವನೂ ನಕ್ಕ. ಬೈದಿದ್ದರೆ ಎಚ್ಚರವಾಗಿರುತ್ತಿದ್ದೆ.

ಮರುದಿನ ನನ್ನನ್ನು ರೇಷ್ಮೆ ಕೌಂಟರಿನಿಂದ ಮೇಲಿನ ಗೋದಾಮಿಗೆ ಹಾಕಿದರು. ಆಮೇಲೆ ಒಂದು ಸೀರೆ ಕಾಣೆಯಾಗಿದೆ ಎಂದು ಗಿರಾಕಿಗಳ ಮುಂದೆ ನನ್ನ ಬುತ್ತಿ ಡಬ್ಬಿ ಬಿಚ್ಚಿಸಿದರು. ರೊಟ್ಟಿಯ ಕೆಳಗೆ ಸೀರೆ ಹುಡುಕಿದರು, ಕಾವ್ಯಾ. ಆದರೂ ಹೋದೆ. ನಾನಾಗಿ ಕೆಲಸ ಬಿಡಲಿ ಎಂದೇ ಇದೆಲ್ಲ ಎಂದು ಗೊತ್ತಾಗಿತ್ತು. ಬಿಡಲಿಲ್ಲ.

ಆಗ ಶುಕ್ರವಾರ ಶಿವಬಸಮ್ಮ ತಟ್ಟೆ ಹಿಡಿದು ಬಂದಳು. ಅಂಗಡಿ ತುಂಬಾ ಜನ.

"ಬಾರವಾ ಮಗಳ, ಮಣಿ ಮ್ಯಾಲ ಕುಂದ್ರು."

"ಯಾಕ್ರೀ ಅಮ್ಮಾ? ನಂದೇನು ಲಗ್ನ ಇಲ್ಲಲ್ರೀ."

"ಮನಿ ಮಗಳಿಗೆ ಉಡಿ ತುಂಬಾಕ ಕಾರಣ ಬೇಕೇನು? ಶುಕ್ರವಾರ ವಲ್ಲೆ ಅನಬ್ಯಾಡ, ಲಕ್ಷ್ಮಿ ಮಾರಿ ತಿರುವ್ಯಾಳು."

ಗಿರಾಕಿಗಳೂ, "ತಗೋರವಾ, ತಗೋ" ಎಂದರು. ದುಪಟ್ಟಾ ಒಡ್ಡಿದೆ. ಉಡಿ ಹಿಡಿದವಳ ಎರಡೂ ಕೈ ಕಟ್ಟಿಹಾಕಿದ ಹಾಗೆ. ಬಿಟ್ಟರೆ ಅಕ್ಕಿ ನೆಲಕ್ಕೆ ಬೀಳುತ್ತದೆ, ಅನ್ನ ಚೆಲ್ಲಿದವಳು ಎನ್ನಿಸಿಕೊಳ್ಳಬೇಕು. ಹಂಪಣ್ಣ ಫೋನ್ ಎತ್ತಿ, "ನಗು" ಎಂದ. ನಕ್ಕೆ. ಆಮೇಲೆ, "ಆತಲ್ಲ, ನಾಳಿಂದ ಆರಾಮ ಇರು" ಎಂದ. ಅಷ್ಟೇ. ನನಗಿಂತ ಮೊದಲು ಜಮ್ಮುಲಮ್ಮನಿಗೆ, ಸಂಗಮ್ಮನಿಗೆ ಉಡಿ ತುಂಬಿದ್ದೂ ಹೀಗೇ. ಗೋಡೆಯ ಮೇಲೆ ಅವರ ನಗುವ ಫೋಟೋ ನೋಡಿ ನಾವು ಹೊಟ್ಟೆಕಿಚ್ಚು ಪಡುತ್ತಿದ್ದೆವು.

ಹುಸೇನಮ್ಮನನ್ನು ಕರೆದುಕೊಂಡು ಗದ್ವಾಲದ ಲೇಬರ್ ಆಫೀಸಿಗೆ ಹೋದೆ. ಬೋರ್ಡಿನ ಮೇಲೆ ತೆಲಂಗಾಣ ಎಂಬ ಹೊಸ ಬಣ್ಣ ಇನ್ನೂ ಅಂಟುತ್ತಿತ್ತು. ಸಾಹೇಬರು ಕುರ್ಚಿ ಕೊಟ್ಟು ಕೇಳಿದರು. ಹೆಚ್ಚಿನ ಹೊತ್ತು ದುಡಿಸಿದರೆ ದುಪ್ಪಟ್ಟು ಕೂಲಿ ಕೊಡಬೇಕಂತೆ, ಅದನ್ನು ಕೇಳಿದ್ದಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲವಂತೆ. ಆದರೆ ತಾನಾಗಿ ಬಿಟ್ಟು ಹೋದವಳಿಗೆ ವಾಪಸ್ ಕೆಲಸ ಕೇಳುವ ಹಕ್ಕಿಲ್ಲ. ಗೊತ್ತಾಯಿತಾ ಉಡಿ ಯಾಕೆ ಎಂದು?

ವಿಚಾರಣೆಯ ದಿನ ಅಂಗಡಿಯ ವಕೀಲ ನನ್ನ ನಗುವ ಫೋಟೋ ಮೇಜಿನ ಮೇಲೆ ಇಟ್ಟ. ನಗು ಅಂದರು, ನಕ್ಕೆ ಎಂದೆ. ಆಮೇಲೆ ಅವನು ಫೋನ್ ತೆಗೆದು ಒತ್ತಿದ. "ಅವುನಂಡೀ, ಪೆಳ್ಳಿ ಕೋಸಮೇ!" ಇಡೀ ಕೋಣೆಯಲ್ಲಿ ನಿನ್ನ ಕಿಲಕಿಲ. ಅಕ್ಕನ ಪಕ್ಕದಲ್ಲಿ ಇದ್ದ "ನಮ್ಮ ಮಂದಿ" ಅವನೇ.

ಸಾಹೇಬರು ನನ್ನನ್ನು ಕೇಳಿದರು, "ಯಾರಮ್ಮಾ ಈ ಹುಡುಗಿ?"

"ನನ್ನ ಗೆಳತಿ" ಎಂದೆ.

ಅಲ್ಲಿಗೆ ಮುಗಿಯಲಿಲ್ಲ. ನಾರಾಯಣಪೇಟೆಯ ಸೀರೆ ಅಂಗಡಿಗಳಿಗೆ ಹೋದೆ, ಮಕ್ತಲಕ್ಕೆ ಹೋದೆ. ಎಲ್ಲ ಕಡೆ ಒಂದೇ ಮಾತು: "ನಿಂದು ಲಗ್ನ ಅಂತಲ್ಲವಾ, ನಾಕು ದಿನಕ್ಕ ಯಾಕ ಕೆಲಸ?" ಊರಲ್ಲಿ ಮೊದಲು ವರ ಯಾರೆಂದು ಕೇಳಿದರು. ಈಗ, ಮುರಿದು ಬಿತ್ತಂತೆ, ಏನೋ ಇರಬೇಕು ಎನ್ನುತ್ತಾರೆ. ಗೊತ್ತಾಗದ ಲಗ್ನ ಮುರಿದುಬಿದ್ದ ಹುಡುಗಿ ನಾನು.

ಸೆಪ್ಟೆಂಬರ್ ೨೬ಕ್ಕೆ ಮಧ್ಯಾಹ್ನ ಕೊನೆಯ ವಿಚಾರಣೆ. ನಾನಾಗಿ ಬಿಡಲಿಲ್ಲ ಎಂದು ತೋರಿಸಲು ಆಗದಿದ್ದರೆ ಕೆಲಸವೂ ಹೋಯಿತು, ನಾನು ಸುಳ್ಳಿಯೂ ಆದೆ.

ಗೊತ್ತಿಲ್ಲ ಅನ್ನು ಎಂದಿದ್ದೆ. ಅಷ್ಟೇ ಕೇಳಿದ್ದು. ಇನ್ನು ಬರೆಯಬೇಡ.

ರಜಿತಾ


ಕಾಚಿಗೂಡ
೯ ಸೆಪ್ಟೆಂಬರ್ ೨೦೧೪

ರಜಿತಾ,

ಬರೆಯಬೇಡ ಎಂದಿದ್ದೀಯ. ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೆ ಓದಿ ಹರಿ.

ಪತ್ರ ಓದಿದ ಕೂಡಲೇ ಶಿವಬಸಮ್ಮನಿಗೆ ಫೋನ್ ಮಾಡಿದೆ.

"ನನ್ನ ಮಾತು ಯಾಕ ರೆಕಾರ್ಡ್ ಮಾಡಿದ್ರಿ?"

"ಅಯ್ಯ, ನೀ ಸುಳ್ಳು ಹೇಳೀಯೇನು?"

"ಲಗ್ನ ಅಂತ ತಿಳದು ಹೇಳೀನ್ರೀ!"

"ತಿಳದಾಕಿ ನೀನು. ಲಗ್ನ ಅಂತ ನಾ ಒಂದರ ಮಾತು ಅಂದೀನೇನು?"

ಅಂದಿರಲಿಲ್ಲ, ರಜಿತಾ. ಆ ಫೋನನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ತಿರುಗಿಸಿದೆ. ಒಂದು ಮಾತೂ ಅಂದಿರಲಿಲ್ಲ. ಬಾವಿಯ ಬಾಯಿಯಲ್ಲಿ ಹಲಗೆ ಇಟ್ಟು ನನ್ನನ್ನು ಕುಣಿಯಲು ಬಿಟ್ಟಳು. ನಾನು ಕುಣಿದೆ. ಕೊನೆಗೆ ಬಹಳ ಮೆತ್ತಗೆ, "ನಮ್ಮ ತಮ್ಮ ಅಂದ, ಕಾವ್ಯಾ ಮನಿ ಚೊಲೋ ಇಟ್ಟಗೊಂಡಾಳ ಅಂತ. ಹಂಗ ಇರವಾ. ಹೊಸಾ ಸಂಸಾರ" ಎಂದು ಫೋನ್ ಇಟ್ಟಳು.

ಅಧಿಕಾರಿಗಳಿಗೆ ಒಂದು ಪತ್ರ ಕಳಿಸುತ್ತೇನೆ. ನಡೆದದ್ದೆಲ್ಲ ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆಯುತ್ತೇನೆ. ಅದು ಸಾಕಾಗುತ್ತದಲ್ಲ? ಸಾಕಾಗುತ್ತದೆ ಎಂದು ಬರಿ. ಬೈದಾದರೂ ಬರಿ.

ಕಾವ್ಯ


ಗುಂಡುಮಾಲ್
೧೪ ಸೆಪ್ಟೆಂಬರ್ ೨೦೧೪

ಕಾವ್ಯಾ,

ಇಂಗ್ಲಿಷ್ ಪತ್ರ ಬೇಡ. ಯಾರೋ ಬರೆಸಿದರು ಎನ್ನುತ್ತಾನೆ ವಕೀಲ. ಅಲ್ಲಿ ಕೇಳಿಸಿದ್ದು ನಿನ್ನ ದನಿ.

ಹುಸೇನಮ್ಮ ಸಾಕ್ಷಿ ಹೇಳುತ್ತೇನೆ ಎಂದಿದ್ದಳು. ಈ ವಾರ ಅವಳ ಮಗಳು ರೇಷ್ಮಾಳನ್ನು ಕೌಂಟರಿನಿಂದ ಗೋದಾಮಿಗೆ ಹಾಕಿದರು. ಇನ್ನು ಬುತ್ತಿ ಡಬ್ಬಿ, ಆಮೇಲೆ ಮಣೆ. ಹುಸೇನಮ್ಮ ಬಸ್ಸು ಹಿಡಿದು ಇಲ್ಲಿಯವರೆಗೆ ಬಂದು, ನನ್ನ ಕೈ ಹಿಡಿದು, "ನನ್ನ ಬಾಯಿ ಹೊಲದಾರವಾ" ಎಂದು ಅತ್ತಳು. ಅವಳಿಗೆ ನಾನು ಏನೂ ಅನ್ನಲಿಲ್ಲ. ನೀನೂ ಅನ್ನಬೇಡ.

ನಿನ್ನನ್ನು ಬಾ ಎನ್ನುತ್ತಿಲ್ಲ. ನಿನಗೆ ಮನೆ ಇದೆ.

ನಾನು ಆ ಅಕ್ಕಿ ಒಯ್ಯುತ್ತೇನೆ. ಈಗ ಅದರಲ್ಲಿ ನುಸಿ ಆಗಿದೆ. ಉಡಿ ಅಕ್ಕಿಯನ್ನು ಬೇಯಿಸಿ ಉಣ್ಣದ ಮನೆ ನಮ್ಮ ಕಡೆ ಎಲ್ಲಾದರೂ ಇದೆಯೇ? ಅವ್ವ ಮೊದಲ ದಿನವೇ, "ಒತ್ತಾಯದ ಉಡಿ, ಒಲಿ ಮ್ಯಾಲ ಇಡೂದಿಲ್ಲ" ಎಂದು ಗಂಟು ಕಟ್ಟಿಟ್ಟಳು. ಅದನ್ನೇ ಸಾಹೇಬರ ಮೇಜಿನ ಮೇಲೆ ಬಿಚ್ಚುತ್ತೇನೆ. ಖುಷಿಯಿಂದ ತೆಗೆದುಕೊಂಡಿದ್ದರೆ ಉಂಡಿರುತ್ತಿದ್ದೆವು ಎನ್ನುತ್ತೇನೆ. ವಕೀಲ ನಗಬಹುದು. ನಗಲಿ.

ರಜಿತಾ


ಕಾಚಿಗೂಡ
೧೯ ಸೆಪ್ಟೆಂಬರ್ ೨೦೧೪

ರಜ್ಜೂ,

ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ವಿಚಾರಣೆಗೆ ಮೊದಲು ಮುಟ್ಟಲೇಬೇಕು. ಅಕ್ಷರ ಸೊಟ್ಟಗಿದ್ದರೆ ಅದು ಸಿಟ್ಟಿಗೆ. ಇಷ್ಟು ಸಿಟ್ಟು ನನ್ನೊಳಗೆ ಹಿಡಿಸುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ನಿನ್ನ ಪತ್ರದ "ಇನ್ನು ಬುತ್ತಿ ಡಬ್ಬಿ, ಆಮೇಲೆ ಮಣೆ" ಎಂಬ ಸಾಲಿನ ಹತ್ತಿರ ನಿಂತುಬಿಟ್ಟೆ. ಪಾತ್ರೆ ತೊಳೆಯುತ್ತಿದ್ದಾಗ ಹೊಳೆಯಿತು. ಮಾರ್ಚಿನಲ್ಲಿ ಒಂದು ದಿನ ನಾನೂ ಕೇಳಿದ್ದೆ! ನೆನಪಿದೆಯಾ? ಬಿಲ್ ಮುಗಿಸಿ ನಿಮ್ಮ ಜೊತೆ ಮಡಚಲು ಕೂತಿದ್ದಾಗ ಹಂಪಣ್ಣನಿಗೆ ಇಂಗ್ಲಿಷ್ ಮೀಡಿಯಂ ಜಂಬದಲ್ಲಿ, "ಅಂಕಲ್, ಇದು ಓವರ್‌ಟೈಮ್ ಅಲ್ಲವೇನ್ರೀ?" ಎಂದಿದ್ದೆ. ಅವನು ನಕ್ಕು ಎಲ್ಲರಿಗೂ ಕೂಲ್‌ಡ್ರಿಂಕ್ ತರಿಸಿದ. ಅದರ ಮುಂದಿನ ಶುಕ್ರವಾರವೇ ನನಗೆ ಮಣೆ ಹಾಕಿದರು. ಮದುವೆ ಮೇ ತಿಂಗಳಲ್ಲಿ! ಮದುವೆಯ ವಾರದವರೆಗೂ ಬರುತ್ತೇನೆಂದು ನಾನು ಹೇಳಿಟ್ಟಿದ್ದೆ. "ಮದುಮಗಳು ಬಿಸಲಾಗ ತಿರಗಬಾರದು, ಬಣ್ಣ ಹೋಗತೈತಿ" ಎಂದಳು ಶಿವಬಸಮ್ಮ. ನಾನು ಅವಳ ಕಾಲಿಗೆ ಬಿದ್ದೆ. ಕೆಲಸದಿಂದ ತೆಗೆದುಹಾಕಿದವಳ ಕಾಲಿಗೆ ಬಿದ್ದು, ಸೀರೆ ಎದೆಗೊತ್ತಿಕೊಂಡು ಅತ್ತೆ. ನನ್ನ ಲಗ್ನ ನಿಜವಾಗಿತ್ತು, ಅದಕ್ಕೇ ಕಾಣಲಿಲ್ಲ.

ಮಲ್ಲೇಶ್‌ಗೆ ಹೇಳಿದೆ, ಗದ್ವಾಲಕ್ಕೆ ಹೋಗುತ್ತೇನೆಂದು.

"ಮನಿ ಮಾಲಕರು ಯಾರು, ಮರತಿಯೇನು?"

"ಮರತಿಲ್ಲ."

"ನಿನ್ನ ಗೆಳತಿ ಸಲುವಾಗಿ ನಾ ಮತ್ತ ಅಣ್ಣನ ಮನಿ ಪರದೆ ಹಿಂದ ಹೋಗಲೇನು?"

"ಗೆಳತಿ ಸಲುವಾಗಿ ಅಲ್ರೀ. ನಾ ಆಡಿದ ಮಾತಿನ ಸಲುವಾಗಿ."

"ಪತ್ರ ಬರಿ. ಫೋನ್ ಮಾಡು. ಹೋಗೂದ್ಯಾಕ?"

"ಫೋನ್ ಮಾಡಿ ಮಾಡೇ ಇಷ್ಟಾಗೇತಿ!"

ಮದುವೆಯಾದ ಮೇಲೆ ಮೊದಲ ಜಗಳ. ಗೋಡೆ ಇದ್ದದ್ದು ಒಳ್ಳೆಯದಾಯಿತು, ಮನಸಾರೆ ಕೂಗಾಡಿದೆವು. ಅವರು ಇನ್ನೂ ಮಾತು ಬಿಟ್ಟಿದ್ದಾರೆ. ಪಾಪ, ಅವರಿಗೂ ಈ ಬಾಲ್ಕನಿ ಹಿಡಿಸಿತ್ತು, ಸಪ್ಪಳ ಎಂದು ಬೈಯುತ್ತಲೇ ದಿನಾ ಅಲ್ಲೇ ಚಹಾ ಕುಡಿಯುತ್ತಿದ್ದರು. ಆದರೆ ಪಾಪ ಎಂದುಕೊಂಡು ಕೂತರೆ ನಾನೂ ಒಂದು ಫೋಟೋ ಆಗುತ್ತೇನೆ, ನಗುತ್ತಾ ಗೋಡೆಯ ಮೇಲೆ.

ನಿನ್ನೆ ಶಿವಬಸಮ್ಮನ ತಮ್ಮನೇ ಬಂದಿದ್ದ. ಬಾಗಿಲಲ್ಲೇ ನಿಂತು, "ದಸರಾಕ್ಕ ನಮ್ಮ ಬೀಗರು ಬರೋರದಾರವಾ, ಮನಿ ಬೇಕಾಗ್ಬೋದು. ನೀವು ಇರತೀರಂದ್ರ ಬ್ಯಾರೆ ಮಾತು" ಎಂದ. ನಾನು ಬೀಗದ ಕೈಯನ್ನು ಪಿನ್ನಿನಿಂದ ಬಿಚ್ಚಿ ಅವನ ಎದುರು ಹಿಡಿದು, "ದಸರಾತನಕ ಯಾಕ್ರೀ, ಇಪ್ಪತ್ತಾರಕ್ಕ ಗದ್ವಾಲದಿಂದ ಬಂದು ಕೊಡತೀನಿ" ಎಂದೆ. ಗದ್ವಾಲ ಎಂದ ಕೂಡಲೇ ಅವನ ಮುಖ ನೀನು ನೋಡಬೇಕಿತ್ತು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ, ಅದು ಬೇರೆ.

ಈಗ ಕೇಳು. ಆ ಸಾಹೇಬರ ಮುಂದೆ ನನ್ನದೇ ಬಾಯಿಯಿಂದ ಹೇಳುತ್ತೇನೆ. ಆ ದನಿ ನನ್ನದು, ನನ್ನನ್ನು ನಂಬಿಸಿ ಆಡಿಸಿದ್ದು, ಉಡಿ ತುಂಬುವುದು ಆ ಅಂಗಡಿಯಲ್ಲಿ ಹೊರಗೆ ಹಾಕುವ ರೀತಿ, ನನ್ನನ್ನೂ ಹಾಗೇ ಹಾಕಿದರು ಎಂದು. ನಿನ್ನ ಅರ್ಜಿಯ ಪಕ್ಕದಲ್ಲಿ ನನ್ನದೂ ಒಂದು ಅರ್ಜಿ ಕೊಡುತ್ತೇನೆ. ಮಡಚಿದ ಪ್ರತಿ ರಾತ್ರಿಗೂ ದುಪ್ಪಟ್ಟು ಬ್ಯಾಂಕಿಗೆ ಬರಬೇಕು, ತಟ್ಟೆಯಲ್ಲಿ ಅಲ್ಲ. ಈರುಳ್ಳಿ ಬಣ್ಣದ ಸೀರೆಯನ್ನು ಅವರು ಕಲಿಸಿದ ಹಾಗೇ ಅಂಚಿಗೆ ಅಂಚು ಕೂಡಿಸಿ ಮಡಚಿ ಇಟ್ಟಿದ್ದೇನೆ. ಶಿವಬಸಮ್ಮನ ಮಡಿಲಿಗೆ ಹಾಕುತ್ತೇನೆ. ಹುಸೇನಮ್ಮನಿಗೆ ಹೇಳು, ಅವಳು ಬಾಯಿ ತೆರೆಯಬೇಕಿಲ್ಲ, ಇಬ್ಬರು ಹೇಳಿದ ಮೇಲೆ ರೇಷ್ಮಾಗೆ ಮಣೆ ಹಾಕುವುದು ಅಷ್ಟು ಸುಲಭವಲ್ಲ.

ಆ ದಿನ ಶುಕ್ರವಾರ, ಗಮನಿಸಿದೆಯಾ? ಶಿವಬಸಮ್ಮ ಆಫೀಸಿಗೂ ತಟ್ಟೆ ಹಿಡಿದು ಬರುವವಳೇ. ಅದಕ್ಕೇ ನಾನು ಸೀರೆ ಉಡುವುದಿಲ್ಲ, ದುಪಟ್ಟಾ ಹಾಕುವುದಿಲ್ಲ. ಕಾಲೇಜಿನ ಜೀನ್ಸ್ ಇನ್ನೂ ಇದೆ, ಸ್ವಲ್ಪ ಬಿಗಿ. ನಿನಗೂ ಒಂದು ಶರ್ಟು ತರುತ್ತೇನೆ. ನಮ್ಮ ಮೈಮೇಲೆ ಒಡ್ಡಲು ಏನೂ ಇರಬಾರದು, ಎರಡೂ ಕೈ ಖಾಲಿ ಇರಬೇಕು. ಗದ್ವಾಲ ನೋಡಲಿ. ಅಕ್ಕಿಯ ಗಂಟು ಮಾತ್ರ ಮರೆಯಬೇಡ. ನುಸಿ ಇದ್ದ ಹಾಗೇ ತಾ.

ನೀನು ಮಾತಾಡಿಸದಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ನಿಂತುಕೋ. ಟಿಕೆಟ್ ತೆಗೆದಾಗಿದೆ, ಒಂದೇ. ಶುಕ್ರವಾರ, ಸೆಪ್ಟೆಂಬರ್ ೨೬, ಬೆಳಗಿನ ತುಂಗಭದ್ರಾ ಎಕ್ಸ್‌ಪ್ರೆಸ್‌ಗೆ ಗದ್ವಾಲದಲ್ಲಿ ಇಳಿಯುತ್ತೇನೆ.

ಕಾವ್ಯ